ಹಳೆಯ ಅಲ್ಯೂಮಿನಿಯಂ ದೋಣಿ, ಅದರ ಟ್ರೇಲರ್: ಹಿತ್ತಲಲ್ಲೇ ದುರಸ್ತಿ ಮಾಡುವ ಬಗೆ

ಗುಜರಿಗೆ ಹೊರಟಿದ್ದ ಅಲ್ಯೂಮಿನಿಯಂ ದೋಣಿಯೊಂದು ನಿಮ್ಮ ಕೈಗೆ ಬಂದಿದ್ದರೆ ಮೊದಲು ಬಣ್ಣದ ಡಬ್ಬಿ ತರಬೇಡಿ. ಒಂದು ಬ್ಯಾರಲ್ ನೀರು ತುಂಬಿಸಿಡಿ. ದೋಣಿ ಎಲ್ಲಿ ಸೋರುತ್ತದೆ ಎಂದು ತಿಳಿಯುವ ಮೊದಲೇ ಬಳಿದ ಬಣ್ಣ ಸೋರಿಕೆಯನ್ನು ಮರೆಮಾಡುತ್ತದೆ, ನಿಲ್ಲಿಸುವುದಿಲ್ಲ. ದಂಡೆಯಲ್ಲಿ ಹೊಳೆದು ಕೆರೆಯ ನಡುವೆ ಕಾಲು ತೋಯಿಸುವ ದೋಣಿಗಿಂತ, ಬಣ್ಣಗೆಟ್ಟರೂ ಒಂದು ಹನಿ ಒಳಗೆ ಬಿಡದ ದೋಣಿಯೇ ಮೇಲು.

ನಮ್ಮ ಕಡೆ ಇಂಥ ದೋಣಿಗೆ ಕೆಲಸವಿಲ್ಲದಿಲ್ಲ. ಹಾವೇರಿ ಜಿಲ್ಲೆಯಲ್ಲಿ ಕೆರೆ ಗುತ್ತಿಗೆ ಹಿಡಿದು ಮೀನು ಸಾಕುವವರಿದ್ದಾರೆ. ವರದಾ, ತುಂಗಭದ್ರಾ ದಂಡೆಯಲ್ಲಿ ಹರಗೋಲಿನ ಜೊತೆಗೆ ಇನ್ನೊಂದು ದೋಣಿ ಇದ್ದರೆ ಒಳ್ಳೆಯದು ಎನ್ನುವವರಿದ್ದಾರೆ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಊರಲ್ಲೊಂದು ಗಟ್ಟಿ ದೋಣಿಯ ಬೆಲೆ ಏನೆಂದು ಹೇಳಬೇಕಿಲ್ಲ. ಆದರೂ ಎಷ್ಟೋ ಒಳ್ಳೆಯ ದೋಣಿಗಳು ಕೆಜಿ ಲೆಕ್ಕದಲ್ಲಿ ಹೋಗಿಬಿಡುತ್ತವೆ. ‘ಇದನ್ನು ರಿಪೇರಿ ಮಾಡುವವರು ಇಲ್ಲಿ ಯಾರಿದ್ದಾರೆ’ ಎನ್ನುವುದು ಎಲ್ಲರ ಮಾತು.

ಇದ್ದಾರೆ. ರಿವಿಟ್ ಹೊಡೆದ ಅಲ್ಯೂಮಿನಿಯಂ ದೋಣಿ ಎಂದರೆ ತೆಳು ತಗಡು, ಅಡ್ಡಪಟ್ಟಿ, ರಿವಿಟ್, ಸಂದಿಗೆ ಸೀಲಂಟ್, ಅಷ್ಟೇ. ಬಸ್ ಬಾಡಿಯೂ ಹೆಚ್ಚುಕಡಿಮೆ ಅದೇ. ಹುಬ್ಬಳ್ಳಿ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವ ಊರು. ಬಸ್ಸಿಗೆ ತಗಡು ಹೊದಿಸಿ ರಿವಿಟ್ ಬಡಿದು ಪಳಗಿದ ಕೈಗಳು ಗೋಕುಲ ರಸ್ತೆಯ ಕಡೆ ಹುಡುಕಿದರೆ ಸಿಗುತ್ತವೆ. ಟ್ರೇಲರಿನ ವಿಷಯಕ್ಕೆ ಬಂದರೆ, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿ ಇಲ್ಲದ ತಾಲ್ಲೂಕು ಊರು ನಮ್ಮಲ್ಲಿಲ್ಲ. ದೋಣಿ ಕಟ್ಟುವವರನ್ನು ಹುಡುಕುವ ಬದಲು ಈ ಎರಡು ಕಸುಬಿನವರನ್ನು ಹುಡುಕಿ. ಉಳಿದದ್ದನ್ನು ನೀವೇ ಮಾಡಬಹುದು. 12 ಅಡಿಯ ಸಪಾಟು ತಳದ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ. ಅಷ್ಟು ದೋಣಿಯನ್ನು ಬರಿದು ಮಾಡಿದರೆ ಇಬ್ಬರು ಮಗುಚಿ ಹಾಕಬಹುದು.

ಕಾಲ ನೋಡಿಕೊಂಡು ಕೆಲಸಕ್ಕೆ ಇಳಿಯಿರಿ. ಬಿಚ್ಚುವುದು, ರಿವಿಟ್ ಬಡಿಯುವುದು, ಟ್ರೇಲರಿನ ತುಕ್ಕು ತೆಗೆಯುವುದನ್ನು ಯಾವ ತಿಂಗಳಲ್ಲಾದರೂ ಮಾಡಬಹುದು. ಸೀಲಂಟ್, ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಮತ್ತು ಬಣ್ಣದ ಕೆಲಸವನ್ನು ಮಾತ್ರ ಫೆಬ್ರುವರಿಯಿಂದ ಮೇ ಒಳಗೆ ಮುಗಿಸಿಕೊಳ್ಳಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎಪಾಕ್ಸಿ ಮೈ ಬೆವೆತು ಅಂಟಂಟಾಗುತ್ತದೆ, ಬಣ್ಣ ಹಿಡಿಯುವುದಿಲ್ಲ.

ಬಿಚ್ಚಿ ನೋಡುವುದು

ಸೀಟಿನ ಹಲಗೆ, ನೆಲದ ಹಲಗೆ, ಹಾಸಿದ ಕಾರ್ಪೆಟ್, ಸೀಟಿನ ಕೆಳಗಿನ ಫೋಮ್, ಬೋಲ್ಟು, ಕೊಂಡಿ ಎಲ್ಲವನ್ನೂ ತೆಗೆಯಿರಿ. ತೆಗೆಯುವ ಮೊದಲು ಪ್ರತಿ ಭಾಗದ ಫೋಟೊ ತೆಗೆದಿಟ್ಟುಕೊಳ್ಳಿ. ತುಕ್ಕು ಹಿಡಿದ ಬೋಲ್ಟುಗಳನ್ನು ಜೋರು ಮಾಡಿ ತಿರುಗಿಸಬೇಡಿ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಬೆಳಗ್ಗೆ ನೋಡಿ.

ಕೊಳೆ ತೆಗೆಯಲು ಸೋಪಿನ ನೀರು, ನೈಲಾನ್ ಬ್ರಷ್ ಸಾಕು. ಇಲ್ಲಿ ಎರಡು ಎಚ್ಚರಿಕೆ. ಪೈಪು ತೊಳೆಯುವ, ಬಣ್ಣ ಬಿಡಿಸುವ ಕಾಸ್ಟಿಕ್ ಸೋಡಾವನ್ನು ಅಲ್ಯೂಮಿನಿಯಂ ಹತ್ತಿರ ತರಲೇಬೇಡಿ. ಅದು ಲೋಹವನ್ನೇ ತಿನ್ನುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಎರಡನೆಯದು, ಕಬ್ಬಿಣದ ತಂತಿ ಬ್ರಷ್. ಅದರ ಕಣಗಳು ಮೆತ್ತನೆಯ ಅಲ್ಯೂಮಿನಿಯಂ ಒಳಗೆ ಹೊಕ್ಕು ಕೂರುತ್ತವೆ, ಆಮೇಲೆ ಅಲ್ಲಲ್ಲೇ ತುಕ್ಕಿನ ಚುಕ್ಕೆ ಎದ್ದು ಬಣ್ಣ ಕಿತ್ತುಬರುತ್ತದೆ. ತಂತಿ ಬ್ರಷ್ ಬೇಕೇ ಬೇಕು ಎನ್ನುವ ಕಡೆ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಬಳಸಿ, ಅದನ್ನು ಟ್ರೇಲರಿನ ಕಬ್ಬಿಣಕ್ಕೆ ಮುಟ್ಟಿಸದೆ ಬೇರೆ ಇಟ್ಟುಕೊಳ್ಳಿ. ಉಸುಕಿನ ಬ್ಲಾಸ್ಟಿಂಗ್ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಒಂದೂವರೆ, ಎರಡು ಮಿ.ಮೀ. ದಪ್ಪದ ತಗಡು ಆ ಹೊಡೆತಕ್ಕೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ.

ಹಸನಾದ ಮೇಲೆ ತಳವನ್ನು ಬಿಸಿಲಿನಲ್ಲಿ ಬಗ್ಗಿ ನೋಡಿ. ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಒಂದು ತೆಳು ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ, ಅದೇ ಅದರ ರಕ್ಷಣೆ. ಆ ಪೊರೆ ಉಳಿಯಲು ಗಾಳಿ ಬೇಕು. ಒದ್ದೆ ಕಾರ್ಪೆಟ್ ಅಡಿಯಲ್ಲಿ, ಫೋಮ್ ಅಡಿಯಲ್ಲಿ, ಕೆರೆಯ ಹೂಳು ಮೆತ್ತಿ ಕೂತ ಮೂಲೆಯಲ್ಲಿ ಗಾಳಿ ಸಿಗದೆ ಪೊರೆ ಸಾಯುತ್ತದೆ, ತಗಡಿನಲ್ಲಿ ಸಣ್ಣ ಗುಳಿಗಳು ಬಿದ್ದು ಬಿಳಿ ಪುಡಿ ಏಳುತ್ತದೆ. ಹಾಗಾಗಿ ದೋಣಿ ಹೊರಗಿಗಿಂತ ಒಳಗಿನಿಂದಲೇ ಹೆಚ್ಚು ಹಾಳಾಗುತ್ತದೆ. ಬಿಳಿ ಪುಡಿ ಕಂಡಲ್ಲೆಲ್ಲ ಕೆರೆದು ದಬ್ಬಣದಿಂದ ಮೆಲ್ಲಗೆ ಒತ್ತಿ. ದಬ್ಬಣ ತಡೆದರೆ ಗುಳಿ ಮೇಲ್ಮೇಲಿನದು. ಹೊಕ್ಕರೆ ಅಲ್ಲಿಗೆ ತೇಪೆ ಬೇಕು. ಅಂಗೈಯಗಲದ ಜಾಗದಲ್ಲಿ ದಬ್ಬಣ ಹತ್ತಾರು ಕಡೆ ಹೊಕ್ಕರೆ, ತಳದ ತಗಡನ್ನೇ ಬದಲಿಸುವ ಖರ್ಚು ಬರುತ್ತದೆ. ಆಗ ನಿಂತು ಲೆಕ್ಕ ಹಾಕಿ. ಎಲ್ಲ ದೋಣಿಯನ್ನೂ ಉಳಿಸಲೇಬೇಕೆಂದಿಲ್ಲ.

ಗುರುತು ಹಾಕಲು ಪೆನ್ಸಿಲ್ ಬೇಡ, ಮಾರ್ಕರ್ ಬಳಸಿ. ಪೆನ್ಸಿಲಿನ ಗ್ರಾಫೈಟ್ ಒದ್ದೆಯಾದಾಗ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಾಮ್ರದ್ದೂ ಅದೇ ಕಥೆ. ಎರಡು ಬೇರೆ ಲೋಹಗಳು ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಅಲ್ಲೊಂದು ಸಣ್ಣ ಬ್ಯಾಟರಿ ಹುಟ್ಟುತ್ತದೆ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ತಾಮ್ರ ಬೆರೆಸಿದ ಔಷಧ ಕುಡಿಸಿದ ಮರ, ತಾಮ್ರ ಇರುವ ಪಾಚಿನಿರೋಧಕ ಬಣ್ಣ, ಹಿತ್ತಾಳೆಯ ಸ್ಕ್ರೂ ಯಾವುದೂ ಈ ದೋಣಿಗೆ ಬೇಡ.

ನೀರಿನ ಪರೀಕ್ಷೆ

ದೋಣಿಯನ್ನು ಟ್ರೇಲರಿನ ಮೇಲಾಗಲಿ ಮರದ ದಿಮ್ಮಿಗಳ ಮೇಲಾಗಲಿ ಕೂರಿಸಿ, ಕೆಳಗೆ ನುಸುಳಿ ನೋಡುವಷ್ಟು ಎತ್ತರ ಇರಲಿ. ದಿಮ್ಮಿಗಳು ಅಡ್ಡಪಟ್ಟಿಗಳ ಕೆಳಗೇ ಬರಬೇಕು. ತಳದ ಹೊರಮೈಯನ್ನು ಚೆನ್ನಾಗಿ ಒಣಗಿಸಿ ಸಂದಿಗಳ ಮೇಲೆ, ರಿವಿಟ್ ಸಾಲುಗಳ ಮೇಲೆ ಸೀಮೆಸುಣ್ಣ ಉಜ್ಜಿ. ಆಮೇಲೆ ಒಳಗೆ ನೀರು ಸುರಿಯಿರಿ. 12 ಅಡಿ ಉದ್ದ, 4 ಅಡಿ ಅಗಲದ ತಳಕ್ಕೆ 5 ಸೆಂ.ಮೀ. ನಿಲ್ಲಿಸಲು 200 ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕು, ಅಂದರೆ ಒಂದು ಬ್ಯಾರಲ್. ಅಷ್ಟು ಸಾಕು. ಕಂಠಮಟ್ಟ ತುಂಬಿದರೆ ಸಾವಿರ ಕೆಜಿ ದಾಟುತ್ತದೆ, ಹೊರಗಿನಿಂದ ನೀರಿನ ಒತ್ತಡ ತಡೆಯಲು ಕಟ್ಟಿದ ದೋಣಿ ಆ ಭಾರಕ್ಕೆ ತಳ ಬಿರಿಯುತ್ತದೆ.

ನೀರಿಗೆ ಬಟ್ಟೆಗೆ ಹಾಕುವ ನೀಲಿ ಸ್ವಲ್ಪ, ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ ಸೇರಿಸಿ. ಸೋಪು ನೀರನ್ನು ಸಣ್ಣ ಬಿರುಕಿಗೂ ಇಳಿಸುತ್ತದೆ, ನೀಲಿ ಸೀಮೆಸುಣ್ಣದ ಮೇಲೆ ಗೆರೆಯಾಗಿ ಕಾಣುತ್ತದೆ. ಮೊದಲ ಹತ್ತು ನಿಮಿಷದಲ್ಲಿ ತೊಟ್ಟಿಕ್ಕುವುದು ದೊಡ್ಡ ಸೋರಿಕೆ. ಒಂದು ಗಂಟೆ ಬಿಟ್ಟು ನೋಡಿದರೆ ಬರೀ ಒದ್ದೆಯಾಗುವ ರಿವಿಟ್‌ಗಳೂ ಸಿಗುತ್ತವೆ. ಪ್ರತಿಯೊಂದಕ್ಕೂ ವೃತ್ತ ಹಾಕಿ ಸಂಖ್ಯೆ ಬರೆದು, ಒಂದು ಹಾಳೆಯಲ್ಲಿ ದೋಣಿಯ ಚಿತ್ರ ಬಿಡಿಸಿ ಅದರಲ್ಲೂ ಅದೇ ಸಂಖ್ಯೆ ಬರೆಯಿರಿ. ದೋಣಿ ಮಗುಚಿದ ಮೇಲೆ ಎಡ ಬಲ ಅದಲುಬದಲಾಗುತ್ತದೆ, ಆಗ ಈ ಹಾಳೆ ಬೇಕು. ನಳದ ನೀರು ದಿನಾ ಬರದ ಓಣಿಯವರು ಕೆಳಗೆ ಟಬ್ ಇಟ್ಟು, ಉಳಿದದ್ದನ್ನು ಬುಚ್ಚು ತೆಗೆದು ಬ್ಯಾರಲ್ಲಿಗೇ ಹಿಡಿದಿಡಿ. ರಿಪೇರಿ ಆದಮೇಲೆ ಇದೇ ಪರೀಕ್ಷೆ ಮತ್ತೊಮ್ಮೆ ಆಗಬೇಕು.

ರಿವಿಟ್

ಸೋರುವ ರಿವಿಟ್‌ಗಳಲ್ಲಿ ಬಹುಪಾಲು ಬರೀ ಸಡಿಲಾದವು. ಸುತ್ತ ಕಪ್ಪು ಮಸಿಯಂಥ ಉಂಗುರ ಇದ್ದರೆ ಆ ರಿವಿಟ್ ಅಲುಗಾಡುತ್ತಿದೆ ಎಂದರ್ಥ. ಇವನ್ನು ಕಿತ್ತು ಹಾಕಬೇಕಿಲ್ಲ, ಮತ್ತೆ ಬಿಗಿ ಮಾಡಿದರೆ ಸಾಕು. ಇಬ್ಬರು ಬೇಕು. ಹೊರಗಿನವರು ಎರಡು ಮೂರು ಕೆಜಿಯ ಡಾಲಿಯನ್ನು, ಅಂದರೆ ಏಟಿಗೆ ಆನಿಕೆಯಾಗುವ ಉಕ್ಕಿನ ಗಟ್ಟಿಯನ್ನು, ರಿವಿಟ್ ತಲೆಗೆ ಒತ್ತಿ ಹಿಡಿಯಬೇಕು, ಒಳಗಿನವರು ಬಾಲದ ಮೇಲೆ ಗುಂಡು ಮುಖದ ಸುತ್ತಿಗೆಯಿಂದ ಬಡಿಯಬೇಕು. ಟಿಂಕರಿಂಗ್ ಅಂಗಡಿಯಲ್ಲಿ ಡಾಲಿ ಸಿಗುತ್ತದೆ. ಸಿಗದಿದ್ದರೆ ಎಂಟು ಪೌಂಡಿನ ಸುತ್ತಿಗೆಯ ತಲೆಯೇ ಆದೀತು. ಏಟು ರೊಟ್ಟಿ ಬಡಿಯುವ ಕೈಯಷ್ಟು ಹಗುರ, ಅಷ್ಟೇ ಒಂದೇ ಸಮ ಇರಬೇಕು. ಮೂರು ನಾಲ್ಕು ಏಟಿಗೆ ಬಿಗಿಯಾಗದಿದ್ದರೆ ನಿಲ್ಲಿಸಿ. ಹೆಚ್ಚು ಬಡಿದಷ್ಟೂ ಅಲ್ಯೂಮಿನಿಯಂ ಗಡಸಾಗಿ ಬಾಲ ಸೀಳುತ್ತದೆ, ಸುತ್ತಲಿನ ತಗಡು ಹಿಗ್ಗಿ ಪಕ್ಕದ ರಿವಿಟ್ಟೂ ಸಡಿಲಾಗುತ್ತದೆ.

ತಲೆ ಸವೆದದ್ದು, ಸೀಳಿದ್ದು ಬದಲಾಗಲೇಬೇಕು. ತಲೆಯ ನಡುವಿಗೆ ಪಂಚ್ ಹೊಡೆದು ಗುಳಿ ಮಾಡಿ, ಮೊದಲು ಸಣ್ಣ ಬಿಟ್, ಆಮೇಲೆ ರಿವಿಟ್ ಗಾತ್ರದ ಬಿಟ್ ಹಾಕಿ ತಲೆಯಷ್ಟನ್ನೇ ಕೊರೆಯಿರಿ. ತಲೆ ಕಳಚಿದ ಮೇಲೆ ಉಳಿದ ಕಾಂಡವನ್ನು ಪಂಚಿನಿಂದ ತಳ್ಳಿದರೆ ತೂತು ದುಂಡಗೇ ಉಳಿಯುತ್ತದೆ. ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಮುಂದಿನ ಗಾತ್ರಕ್ಕೆ ಹೋಗಿ. ಹೊಸ ಗಟ್ಟಿ ರಿವಿಟ್ಟಿನ ಉದ್ದಕ್ಕೆ ಹಳೆಯ ಲೆಕ್ಕವೊಂದಿದೆ. ಜೋಡಿಸುವ ತಗಡುಗಳ ಒಟ್ಟು ದಪ್ಪಕ್ಕೆ ರಿವಿಟ್ಟಿನ ವ್ಯಾಸದ ಒಂದೂವರೆ ಪಟ್ಟು ಕೂಡಿಸಿ. ಎರಡೂ ಕಡೆ ಕೈ ಹೋಗದ ಜಾಗಕ್ಕೆ ಪಾಪ್ ರಿವಿಟ್ ಹಾಕಬಹುದು, ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಮಾಮೂಲಿ ಪಾಪ್ ರಿವಿಟ್ ಅಲ್ಲ. ಅದರ ನಡುವೆ ತೂತು ತೆರೆದೇ ಇರುತ್ತದೆ, ಒಳಗೆ ಉಳಿಯುವ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ. ‘ಕ್ಲೋಸ್ಡ್ ಎಂಡ್’ ಎಂದು ಕೇಳಿ, ಮೊಳೆಯೂ ಅಲ್ಯೂಮಿನಿಯಂ ಇರುವುದನ್ನೇ ತನ್ನಿ. ಮೊಳೆಗೆ ಅಯಸ್ಕಾಂತ ಹಚ್ಚಿ ನೋಡಿದರೆ ಗೊತ್ತಾಗುತ್ತದೆ. ಪ್ರತಿ ರಿವಿಟ್ಟನ್ನೂ ಸೀಲಂಟಿನಲ್ಲಿ ಅದ್ದಿಯೇ ಕೂರಿಸಿ.

ಸೀಲಂಟ್ ಎಂದರೆ ಪಾಲಿಯುರಿಥೇನ್. ಸಿಕಾಫ್ಲೆಕ್ಸ್‌ನಂಥವು ಟ್ಯೂಬಿನಲ್ಲಿ ಸಿಗುತ್ತವೆ, ಬಸ್ ಬಾಡಿಯವರಿಗೂ ಪರಿಚಿತ. ಬಚ್ಚಲುಮನೆಗೆ ಬಳಸುವ, ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ. ಅದರ ಆಮ್ಲ ಲೋಹಕ್ಕೆ ಒಳ್ಳೆಯದಲ್ಲ, ಅದು ತಾಗಿದ ಜಾಗಕ್ಕೆ ಆಮೇಲೆ ಬಣ್ಣವೂ ಹಿಡಿಯುವುದಿಲ್ಲ. ಹಿಂದಿನವರು ಬಳಿದ ಸಿಲಿಕಾನ್ ಇದ್ದರೆ ಪೂರ್ತಿ ಕೆರೆದು ತೆಗೆಯಿರಿ. ಸಂದಿಯ ಒಳಮೈಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಥಿನ್ನರಿನಿಂದ ಒರೆಸಿ ಹೊಸ ಸೀಲಂಟ್ ಎಳೆಯಿರಿ. ಒಳಗಿನಿಂದ ಎಳೆಯುವುದೇ ಮುಖ್ಯ. ಹೊರಗಿನದು ಉಸುಕು, ಕಲ್ಲು ತಾಗಿ ಬೇಗ ಹೋಗುತ್ತದೆ.

ಬಿರುಕು, ತೇಪೆ, ವೆಲ್ಡಿಂಗ್

ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಿರಿ. ಚೂಪಾದ ತುದಿಯಲ್ಲೇ ಒತ್ತಡ ಸೇರುವುದರಿಂದ ಬಿರುಕು ಬೆಳೆಯುತ್ತದೆ, ದುಂಡು ತೂತು ಅದನ್ನು ಅಲ್ಲೇ ನಿಲ್ಲಿಸುತ್ತದೆ. ಆಮೇಲೆ ತೇಪೆ. ಪಾತ್ರೆ ಮಾಡುವ ಮೆತ್ತನೆಯ ತಗಡು ಆಗದು, 5052 ಎಂಬ ನಂಬರಿನ ತಗಡು ಕೇಳಿ ತನ್ನಿ. ದೋಣಿಯ ತಗಡಿನಷ್ಟೇ ದಪ್ಪ ಇರಲಿ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಅಂಚಿನಿಂದ ರಿವಿಟ್ ವ್ಯಾಸದ ಎರಡು ಪಟ್ಟು ಒಳಗೆ, 20ರಿಂದ 25 ಮಿ.ಮೀ. ಅಂತರದಲ್ಲಿ ತೂತು ಮಾಡಿ. ಎರಡೂ ಮೈ ಉಜ್ಜಿ, ಇಡೀ ತೇಪೆಗೆ ಸೀಲಂಟ್ ಬಳಿದು, ಮೊದಲು ನಾಲ್ಕು ಮೂಲೆ, ಆಮೇಲೆ ನಡುವಿನವು ಎಂಬ ಕ್ರಮದಲ್ಲಿ ರಿವಿಟ್ ಹೊಡೆಯಿರಿ.

ವೆಲ್ಡಿಂಗ್ ಮಾಡಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತದಲ್ಲ ಎಂದು ಅನ್ನಿಸುವುದು ಸಹಜ. ಹುಬ್ಬಳ್ಳಿಯ ಹಿರಿಯ ಬಾಡಿ ಕೆಲಸಗಾರರೊಬ್ಬರು ತಗಡನ್ನು ಬೆರಳಿನಿಂದ ತಟ್ಟಿ ನೋಡಿ ಹೇಳಿದ ಮಾತು ನನಗೆ ಸರಿಯೆನಿಸುತ್ತದೆ: “ಇದಕ್ಕ ವೆಲ್ಡಿಂಗ್ ಬ್ಯಾಡ್ರೀ ಸರ. ತಗಡು ಭಾಳ ತೆಳ್ಳಗ ಐತಿ, ಸುಟ್ಟು ತೂತ ಬೀಳತೈತಿ. ರಿವಿಟ್ ಹೊಡ್ಯೂಣು.” ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಪೊರೆ ಒಡೆಯುವಷ್ಟರಲ್ಲಿ ಕೆಳಗಿನ ತಗಡು ಇಳಿದುಹೋಗಿರುತ್ತದೆ. ಅದಕ್ಕೇ ಆರ್ಗಾನ್ ಅನಿಲ ಬಳಸುವ, ಎಸಿ ವಿದ್ಯುತ್ತಿನ ಟಿಗ್ ವೆಲ್ಡಿಂಗ್ ಯಂತ್ರ ಬೇಕು, ಅಲ್ಯೂಮಿನಿಯಂ ಮೇಲೆ ಪಳಗಿದ ಕೈ ಬೇಕು. ಮೂಲದಲ್ಲೇ ವೆಲ್ಡ್ ಆಗಿ ಬಂದ ದಪ್ಪ ತಗಡಿನ ದೋಣಿಗೆ ಅದು ಸರಿ. ರಿವಿಟ್ ದೋಣಿಗೆ ರಿವಿಟ್ಟೇ ಇರಲಿ. ಗ್ಯಾಸ್ ಟಾರ್ಚಿನಲ್ಲಿ ಕರಗಿಸಿ ಹಚ್ಚುವ ಕಡ್ಡಿಗಳ ಜಾಹೀರಾತು ನೋಡಿ ತಳಕ್ಕೆ ಬಳಸಬೇಡಿ.

ಹಲಗೆ ಮತ್ತು ತೇಲುವ ಫೋಮ್

ಹಿಂಬದಿಯಲ್ಲಿ ಎಂಜಿನ್ ಕೂರುವ ಹಲಗೆಯನ್ನು ಸುತ್ತಿಗೆಯಿಂದ ತಟ್ಟಿ. ಡೊಳ್ಳು ಸದ್ದು ಬಂದರೆ ಒಳಗೆ ಕೊಳೆತಿದೆ. 19 ಮಿ.ಮೀ.ನ ಎರಡು ಮರೈನ್ ಪ್ಲೈವುಡ್ ಹಾಳೆಗಳನ್ನು ಎಪಾಕ್ಸಿಯಿಂದ ಅಂಟಿಸಿ 38 ಮಿ.ಮೀ. ಮಾಡಿ. ಪ್ಲೈವುಡ್ ಮೇಲೆ ಐಎಸ್ 710 ಎಂಬ ಗುರುತು ನೋಡಿ. ಐಎಸ್ 303 ಎಂದಿದ್ದರೆ ಅದು ಮನೆಯ ಪೀಠೋಪಕರಣದ್ದು. ಬೋಲ್ಟಿನ ತೂತುಗಳನ್ನು ದೊಡ್ಡದಾಗಿ ಕೊರೆದು ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಸರಿ ಗಾತ್ರಕ್ಕೆ ಮತ್ತೆ ಕೊರೆದರೆ ಮರಕ್ಕೆ ನೀರು ಮುಟ್ಟುವುದೇ ಇಲ್ಲ. ಆರೂ ಮೈಗೆ ಎರಡು ಸಲ ಎಪಾಕ್ಸಿ ಬಳಿಯಿರಿ. ಬೋಲ್ಟು ಸ್ಟೇನ್‌ಲೆಸ್ ಇರಲಿ, ಅಲ್ಯೂಮಿನಿಯಂ ತಾಗುವಲ್ಲಿ ನೈಲಾನ್ ವಾಷರ್ ಹಾಕಿ, ಎಳೆಗೆ ಸೀಲಂಟ್ ಹಚ್ಚಿ.

ನೆಲಕ್ಕೆ ನನ್ನ ಆಯ್ಕೆ ಬಸ್ಸಿನಲ್ಲಿ ಹಾಕುವಂಥ ಅಲ್ಯೂಮಿನಿಯಂ ಚೆಕ್ಕರ್ಡ್ ಶೀಟ್. ಕೊಳೆಯುವುದಿಲ್ಲ, ಜಾರುವುದಿಲ್ಲ. ಅದನ್ನು ಅಡ್ಡಪಟ್ಟಿಗಳಿಗಷ್ಟೇ ಬಿಗಿಯಿರಿ, ತಳದ ತಗಡಿಗೆ ಒಂದು ತೂತೂ ಬೀಳಬಾರದು. ಒಳಗೆ ಬಿದ್ದ ನೀರು ಹಿಂದಿನ ಬುಚ್ಚಿನವರೆಗೆ ಹರಿದು ಬರಲು ದಾರಿ ಬಿಡಿ. ಕಾರ್ಪೆಟ್ ಹಾಸಬೇಡಿ.

ಸೀಟಿನ ಕೆಳಗಿನ ಫೋಮ್ ಅಂದಕ್ಕಾಗಿ ಇರುವುದಲ್ಲ. ದೋಣಿಯಲ್ಲಿ ನೀರು ತುಂಬಿದಾಗ ಅದು ತಳ ಸೇರದಂತೆ ಹಿಡಿದಿಡುವುದು ಅದೇ. ಹಳೆಯ ಫೋಮನ್ನು ಕೈಯಲ್ಲಿ ಎತ್ತಿ ನೋಡಿ. ನೀರು ಕುಡಿದು ಭಾರವಾಗಿದ್ದರೆ ಅದು ತೇಲಿಸುವ ಬದಲು ಮುಳುಗಿಸುತ್ತದೆ. ಲೆಕ್ಕ ಹೀಗೆ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಸಾಂದ್ರ. ಆದ್ದರಿಂದ 60 ಕೆಜಿಯ ದೋಣಿ ಪೂರ್ತಿ ಮುಳುಗಿದಾಗ ನೀರಿನೊಳಗೆ ಸುಮಾರು 38 ಕೆಜಿ ತೂಗುತ್ತದೆ. ಎಂಜಿನ್ನಿನ 25 ಕೆಜಿಯನ್ನು ಪೂರ್ತಿಯಾಗಿ ಸೇರಿಸಿ. ಅಂಚು ಹಿಡಿದು ಜೋತುಬೀಳುವ ಮೂವರಿಗೆ ತಲಾ 10 ಕೆಜಿ ಇಟ್ಟುಕೊಳ್ಳಿ. ಒಟ್ಟು 93 ಕೆಜಿ. ಒಂದು ಲೀಟರ್ ಫೋಮ್ ಒಂದು ಕೆಜಿಗಿಂತ ತುಸು ಕಡಿಮೆ ಎತ್ತಿ ಹಿಡಿಯುತ್ತದೆ, ಹಾಗಾಗಿ 100 ಲೀಟರ್ ಕನಿಷ್ಠ. 150 ಲೀಟರ್ ಹಾಕಿದರೆ ನೆಮ್ಮದಿ. ಥರ್ಮೊಕೋಲ್ ಬೇಡ, ಪೆಟ್ರೋಲ್ ಚೆಲ್ಲಿದರೆ ಕರಗಿಹೋಗುತ್ತದೆ. ಚಾವಣಿಗೆ ಶಾಖ ತಡೆಯಲು ಹಾಕುವ ಎಕ್ಸ್‌ಪಿಎಸ್ ಹಲಗೆ ನೀರು ಕುಡಿಯುವುದಿಲ್ಲ, ಆದರೆ ಅದನ್ನೂ ಪೆಟ್ರೋಲಿನಿಂದ ದೂರ ಇಡಬೇಕು. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಕೆಳಗೆ ನೀರು ಹರಿಯುವಷ್ಟು ಜಾಗ ಬಿಟ್ಟು ಇಡಿ. ಸೀಟಿನ ಕೆಳಗೆ ಮತ್ತು ಪಕ್ಕೆಗಳ ಮೇಲ್ಭಾಗದಲ್ಲಿ ಹೆಚ್ಚು ಇರಲಿ. ಎಲ್ಲವನ್ನೂ ನೆಲದಡಿಗೆ ತುಂಬಿದರೆ, ನೀರು ತುಂಬಿದ ದೋಣಿ ಅಂಗಾತ ಮಗುಚಿಕೊಳ್ಳುತ್ತದೆ.

ಬಣ್ಣ

ಎರಡನೆಯ ನೀರಿನ ಪರೀಕ್ಷೆ ಪಾಸಾದ ಮೇಲೆ ಮಾತ್ರ ಈ ಕೆಲಸ. ಬಣ್ಣ ಹಚ್ಚಲೇಬೇಕೆಂಬ ನಿಯಮವೂ ಇಲ್ಲ. ಕೆರೆಯ ಸಿಹಿನೀರಿನಲ್ಲಿ ಬರಿಮೈ ಅಲ್ಯೂಮಿನಿಯಂ ದಶಕಗಟ್ಟಲೆ ಬಾಳುತ್ತದೆ. ಒಳಗಿನ ತಳವನ್ನು ಹಾಗೇ ಬಿಡುವುದು ನನಗೆ ಇಷ್ಟ, ಸೋರಿಕೆ ಆದರೆ ಕಣ್ಣಿಗೆ ಬೀಳುತ್ತದೆ.

ಹಚ್ಚುವುದಾದರೆ ಸರಿಯಾಗಿ ಹಚ್ಚಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಳದಿ ಪ್ರೈಮರಿನಲ್ಲಿ ಕ್ರೋಮೇಟ್ ಇರಬಹುದು. ಒಣಗಿದ್ದನ್ನು ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಎನ್95 ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ. 80ರ ಸ್ಯಾಂಡ್ ಪೇಪರಿನಿಂದ ಶುರುಮಾಡಿ 120ರದಕ್ಕೆ ಬನ್ನಿ, ಥಿನ್ನರಿನಿಂದ ಒರೆಸಿ, ಅದೇ ದಿನ ಎಚ್ (etch) ಪ್ರೈಮರ್, ಅಂದರೆ ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ ಪ್ರೈಮರ್, ಹಚ್ಚಿ. ನಾಳೆಗೆ ಬಿಟ್ಟರೆ ಆಕ್ಸೈಡ್ ಪೊರೆ ಮತ್ತೆ ಬಲಿತು ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಕಿಟಕಿ ಗ್ರಿಲ್ಲಿಗೆ ಹೊಡೆಯುವ ಕೆಂಪು ಪ್ರೈಮರ್ ಕಬ್ಬಿಣಕ್ಕೆ ಇರಲಿ, ದೋಣಿಗೆ ಬೇಡ. ಎಚ್ ಪ್ರೈಮರಿನ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೈ ಪಿಯು (ಪಾಲಿಯುರಿಥೇನ್) ಬಣ್ಣ. ಎಚ್ ಪ್ರೈಮರಿನ ಮೇಲೆ ಎಪಾಕ್ಸಿ ಹೊಂದುತ್ತದೆಯೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ, ಎಲ್ಲ ಕಂಪನಿಯವೂ ಹೊಂದುವುದಿಲ್ಲ. ಎರಡು ಡಬ್ಬಿ ಬೆರೆಸುವ ಪಿಯು ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಅದರ ಮಂಜು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮನೆಯಲ್ಲಿ ಸ್ಪ್ರೇ ಮಾಡಬೇಡಿ. ರೋಲರಿನಿಂದ ಬಳಿದು ಬ್ರಷ್ಷಿನ ತುದಿಯಿಂದ ಸವರಿದರೆ ಸಾಕಷ್ಟು ನುಣುಪು ಬರುತ್ತದೆ. ಗಾಳಿಯಾಡುವ ಕಡೆ, ಕೈಗವಸು ಹಾಕಿ ಮಾಡಿ. ಏಪ್ರಿಲ್ ಬಿಸಿಲಿನಲ್ಲಿ ತಗಡು ಕೈ ಸುಡುವಷ್ಟು ಕಾಯುತ್ತದೆ, ಆಗ ಬಣ್ಣ ಗುಳ್ಳೆ ಏಳುತ್ತದೆ. ಇಬ್ಬನಿ ಆರಿದ ಮೇಲೆ, ಬೆಳಗಿನ ಹತ್ತು ಗಂಟೆಯೊಳಗೆ ಮುಗಿಸಿ.

ಟ್ರೇಲರ್

ಇಲ್ಲಿ ದೋಣಿಗಿಂತ ಹೆಚ್ಚು ಎಚ್ಚರ ಬೇಕು. ದೋಣಿ ಕೈಕೊಟ್ಟರೆ ಲೈಫ್ ಜಾಕೆಟ್ ಹಾಕಿಕೊಂಡ ಮೂವರು ಒದ್ದೆಯಾಗುತ್ತಾರೆ. ಧಾರವಾಡದಿಂದ ಹಾವೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಟ್ರೇಲರಿನ ಗಾಲಿ ಕಳಚಿದರೆ ಹಿಂದೆ ಬರುವ ಬೈಕಿನವರ ಜೀವಕ್ಕೇ ಕುತ್ತು.

ಕಬ್ಬಿಣದ ಚೌಕಟ್ಟನ್ನು ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಪೆಟ್ಟಿಗೆ ಪೈಪು ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ಟಣ್ ಎನ್ನದೆ ಮಂದ ಸದ್ದು ಬಂದಲ್ಲಿ ಗಟ್ಟಿಯಾಗಿ ಹೊಡೆಯಿರಿ, ತೂತು ಬಿದ್ದರೆ ಒಳ್ಳೆಯದೇ, ರಸ್ತೆಯಲ್ಲಿ ಮುರಿಯುವುದು ತಪ್ಪಿತು. ಆ ತುಂಡನ್ನು ಕತ್ತರಿಸಿ ಹೊಸ ಪೈಪು ಹಾಕಿಸಿ, ತುಕ್ಕಿನ ಮೇಲೆ ಪಟ್ಟಿ ಇಟ್ಟು ವೆಲ್ಡ್ ಮಾಡಿಸಬೇಡಿ. ಪೈಪಿನ ತಗ್ಗಿನ ತುದಿಗೆ ನೀರಿಳಿಯಲು ತೂತು ಇರಲಿ. ವೆಲ್ಡಿಂಗ್ ಎಲ್ಲ ದೋಣಿ ಕೆಳಗಿಳಿಸಿಯೇ ಆಗಬೇಕು. ತುಕ್ಕು ಉಜ್ಜಿ, ಫಾಸ್ಫಾರಿಕ್ ಆಮ್ಲದ ತುಕ್ಕುನಿರೋಧಕ ಹಚ್ಚಿ, ಸತುವಿನ ಪ್ರೈಮರ್ ಅಥವಾ ಎಪಾಕ್ಸಿ ಹೊಡೆಯಿರಿ. ಸ್ಪ್ರಿಂಗಿನ ಎಲೆಪಟ್ಟಿಗಳಲ್ಲಿ ಬಿರುಕು ಕಂಡರೆ ಬದಲಿಸಿ. ಪಟ್ಟಿಗೆ ವೆಲ್ಡ್ ಮಾಡಿದರೆ ಅದರ ಹದ ಹೋಗುತ್ತದೆ. ಯು-ಬೋಲ್ಟುಗಳನ್ನು ಹೊಸದೇ ಹಾಕಿ, ಹಣ ಉಳಿಸುವ ಜಾಗ ಅದಲ್ಲ.

ಬೇರಿಂಗ್‌ಗೆ ಒಂದು ಪೂರ್ತಿ ಮಧ್ಯಾಹ್ನ ಕೊಡಿ. ಜಾಕ್ ಹಾಕಿ, ಸ್ಟ್ಯಾಂಡ್ ಇಟ್ಟು, ಗಾಲಿ ತೆಗೆದು ಅದು ಕೂರುವ ನಡುಭಾಗವಾದ ಹಬ್ ಬಿಚ್ಚಿ. ಹಳೆಯ ಗ್ರೀಸನ್ನೆಲ್ಲ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಒಣಗಿಸಿ ರೋಲರುಗಳನ್ನೂ ಅವು ಉರುಳುವ ಕಪ್ಪನ್ನೂ ಬಿಸಿಲಿಗೆ ಹಿಡಿದು ನೋಡಿ. ಗುಳಿ, ಕಪ್ಪು ಕಲೆ, ನೀಲಿ ಬಣ್ಣ ಕಂಡರೆ ಬೇರಿಂಗ್ ಮತ್ತು ಕಪ್ ಎರಡನ್ನೂ ಬದಲಿಸಿ. ನಂಬರ್ ಬೇರಿಂಗಿನ ಅಂಚಿನಲ್ಲೇ ಕೆತ್ತಿರುತ್ತದೆ, ಅದನ್ನು ತೋರಿಸಿದರೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರು ಕೊಡುತ್ತಾರೆ. ನೀರಿಗೆ ತಡೆಯುವ ಗ್ರೀಸನ್ನು ಅಂಗೈಯಲ್ಲಿಟ್ಟು, ಬೇರಿಂಗಿನ ಅಗಲದ ಅಂಚನ್ನು ಒತ್ತಿ ಒತ್ತಿ, ಇನ್ನೊಂದು ಅಂಚಿನಿಂದ ಗ್ರೀಸ್ ಹೊರಬರುವವರೆಗೆ ತುಂಬಿ. ಮೇಲೆ ಸವರಿದರೆ ರೋಲರಿನ ನಡುವೆ ಹೋಗುವುದಿಲ್ಲ. ಸೀಲ್ ಯಾವಾಗಲೂ ಹೊಸದು. ಹಬ್ ಏರಿಸಿ ಗಾಲಿ ತಿರುಗಿಸುತ್ತ ನಟ್ಟನ್ನು ಬಿಗಿಯಿರಿ. ತಿರುಗುವುದು ಭಾರವಾದ ಕೂಡಲೇ ನಿಲ್ಲಿಸಿ, ಸಡಿಲ ಮಾಡಿ, ಬರೀ ಬೆರಳಿನ ಬಲಕ್ಕೆ ಮತ್ತೆ ಕೂರಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಗಾಲಿ ಸಲೀಸಾಗಿ ತಿರುಗಬೇಕು, ಅಲುಗಿಸಿದರೆ ಕೂದಲೆಳೆಯಷ್ಟು ಆಟ ಇರಬೇಕು.

ಟೈರಿನ ಮೈಮೇಲೆ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಿಂತಲ್ಲೇ ನಿಂತ ಟ್ರೇಲರಿನ ಟೈರು ಸವೆಯುವ ಮೊದಲೇ ಬಿಸಿಲಿಗೆ ಬಿರಿಯುತ್ತದೆ. ಆರು ವರ್ಷ ದಾಟಿದ್ದನ್ನು, ಟೈರಿನ ಗೀರುಗಳು ಎಷ್ಟೇ ಆಳವಿದ್ದರೂ, ಬದಲಿಸಿ.

ದೋಣಿ ಕೂರುವ ಉದ್ದ ಮರದ ಪಟ್ಟಿಗಳು ಒಳಗಿನ ಉದ್ದಪಟ್ಟಿಗಳ ನೇರ ಕೆಳಗೆ ಬರಲಿ, ಹಿಂದಿನ ತುದಿ ಎಂಜಿನ್ ಹಲಗೆಯವರೆಗೂ ಇರಲಿ. ಅರ್ಧ ಅಡಿ ಮೊದಲೇ ನಿಂತರೆ ಎಂಜಿನ್ನಿನ ಭಾರಕ್ಕೆ ತಳ ಬಾಗುತ್ತದೆ. ತಗಡು ಎಲ್ಲೂ ಬರಿ ಕಬ್ಬಿಣಕ್ಕೆ ತಾಗಬಾರದು.

ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ನೂರಕ್ಕೆ 7ರಿಂದ 10ರಷ್ಟು ಇರಬೇಕು. ಟ್ರೇಲರ್, ದೋಣಿ, ಎಂಜಿನ್ ಸೇರಿ 250 ಕೆಜಿ ಆದರೆ ಕೊಂಡಿಯಲ್ಲಿ 18ರಿಂದ 25 ಕೆಜಿ. ಮೈ ತೂಕ ನೋಡುವ ಯಂತ್ರದ ಮೇಲೆ ಕೊಂಡಿ ಇಟ್ಟು ನೋಡಿ. ಅದಕ್ಕಿಂತ ಕಡಿಮೆ ಇದ್ದರೆ ವೇಗ ಹೆಚ್ಚಿದಂತೆ ಟ್ರೇಲರ್ ಅತ್ತಿತ್ತ ಬೀಸತೊಡಗುತ್ತದೆ, ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ದೋಣಿಯನ್ನು ಮುಂದೆ ಸರಿಸಿ ಸರಿಪಡಿಸಿ. ಸುರಕ್ಷತೆಯ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಾಗಿ ಹಾಕಿ. ದೀಪಗಳಿಗೆ ನೀರು ಹೋಗದ ಎಲ್‌ಇಡಿ ಒಳ್ಳೆಯದು. ಅರ್ತಿಂಗಿಗೆ ಕೊಂಡಿಯನ್ನು ನಂಬದೆ ಬೇರೆ ವೈರ್ ಎಳೆಯಿರಿ.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. ಟ್ರೇಲರ್ ಕೂಡ 1988ರ ಮೋಟಾರು ವಾಹನ ಕಾಯ್ದೆಯಡಿ ನೋಂದಣಿ ಆಗಬೇಕಾದ ವಾಹನವೇ, ಕೆಲಸ ಶುರುಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಎಂಜಿನ್ ಹಚ್ಚಿದ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆ ಅನ್ವಯಿಸುತ್ತದೆ. ಕೆರೆಗೆ ಇಳಿಸಲು ಕೆರೆ ಯಾರ ವಶದಲ್ಲಿದೆಯೋ ಅವರ ಅನುಮತಿ ಬೇಕು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿದ ಸಂರಕ್ಷಣಾ ಮೀಸಲು ಪ್ರದೇಶ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ನೀರು. ಅಲ್ಲಿಗೆ ದೋಣಿ ಒಯ್ಯುವ ಯೋಚನೆಯೇ ಬೇಡ.

ಮೊದಲ ಸಲ ನೀರಿಗೆ

ಮನೆಯಿಂದ ಹೊರಟು ಹತ್ತು ಹದಿನೈದು ಕಿ.ಮೀ. ಆದ ಮೇಲೆ ನಿಲ್ಲಿಸಿ ಎರಡೂ ಹಬ್ಬಿಗೆ ಕೈಯ ಹಿಂಬದಿ ತಾಗಿಸಿ. ಉಗುರುಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಆ ನಟ್ ಬಿಗಿಯಾಗಿದೆ. ಗಾಲಿಯ ನಟ್ಟುಗಳನ್ನೂ ಅಡ್ಡಡ್ಡ ಕ್ರಮದಲ್ಲಿ ಮತ್ತೊಮ್ಮೆ ಬಿಗಿಯಿರಿ.

ದಂಡೆಗೆ ಬಂದ ಕೂಡಲೇ ಟ್ರೇಲರನ್ನು ನೀರಿಗೆ ಇಳಿಸಬೇಡಿ. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅರ್ಧ ತಾಸು ತಣಿಯಲಿ. ಅಷ್ಟರಲ್ಲಿ ದೀಪದ ವೈರ್ ಕಳಚಿ, ಬುಚ್ಚು ಹಾಕಿದ್ದೀರೋ ನೋಡಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ಎರೆಮಣ್ಣಿನ ದಂಡೆಯಾದರೆ ಹಸಿ ಜಾಗಕ್ಕೆ ವಾಹನ ಇಳಿಸದೆ ಹಗ್ಗದಿಂದ ಟ್ರೇಲರನ್ನು ಬಿಡುವುದು ಲೇಸು. ಎಂಜಿನ್ ಇಲ್ಲದೆ, ಜನ ಹತ್ತದೆ, ಹಗ್ಗ ಕಟ್ಟಿದ ದೋಣಿಯನ್ನು ಮೊಣಕಾಲುದ್ದದ ನೀರಿನಲ್ಲಿ ಒಂದು ಗಂಟೆ ತೇಲಿಸಿ. ಒಳಗೆ ಒಣಗಿದ್ದರೆ ಇಬ್ಬರು ಹತ್ತಿ, ಮತ್ತೆ ಅರ್ಧ ಗಂಟೆ. ಭಾರ ಬಿದ್ದಾಗ ಮಾತ್ರ ಬಾಯಿ ಬಿಡುವ ರಿವಿಟ್‌ಗಳು ಆಗ ಸಿಕ್ಕಿಬೀಳುತ್ತವೆ. ಎಂಜಿನ್ ಆಮೇಲೆ.

ಮನೆಗೆ ಬಂದ ಮೇಲೆ ಬುಚ್ಚು ತೆಗೆದು, ಮೂತಿ ಮೇಲಾಗಿಸಿ ನಿಲ್ಲಿಸಿ. ಹೂಳು ತೊಳೆಯಿರಿ. ವಾರದೊಳಗೆ ಒಂದು ಹಬ್ಬಿನ ಮುಚ್ಚಳ ತೆಗೆದು ಗ್ರೀಸ್ ನೋಡಿ. ಹಾಕಿದಾಗಿನ ಬಣ್ಣವೇ ಇದ್ದರೆ ಮುಚ್ಚಿಬಿಡಿ. ಬೆಳ್ಳಗೆ ಕದಡಿದ್ದರೆ ಸೀಲ್ ಹಿಡಿದಿಲ್ಲ, ನೀರು ಹೋಗಿದೆ. ಇನ್ನೊಂದು ಹಬ್ಬನ್ನೂ ಬಿಚ್ಚಿ, ಎರಡಕ್ಕೂ ಹೊಸ ಸೀಲ್ ಹಾಕಿ, ಮತ್ತೆ ಗ್ರೀಸ್ ತುಂಬಿದ ಮೇಲೆಯೇ ಟ್ರೇಲರನ್ನು ರಸ್ತೆಗೆ ತನ್ನಿ.